ಸುರಂಗದ ನೀರಲ್ಲಿ ಪರಾಗ ಮೊಳಕೆ ಬರುದಿಲ್ಲ, ಉಪ್ಪಳದ ಬೋರ್‌ವೆಲ್ ನೀರಲ್ಲಿ ಬರ್ತದೆ, ಎಂತಕ್ಕೆ?

ನಿತ್ಯಪುಷ್ಪ_ಬಾಯಾರು
ಭಾನುವಾರ, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ನಾನು ಪ್ಲಸ್ ಟು ಸಯನ್ಸ್ ಹುಡುಗಿ, ಮನೆ ಕಾಸರಗೋಡು ಕಡೆಯ ಬಾಯಾರಿನ ಹತ್ರ. ಬಾಟನಿ ಪ್ರಾಜೆಕ್ಟಿಗೆ ಪರಾಗ ಮೊಳಕೆ ಬರುದನ್ನು, ಅಂದ್ರೆ ಪರಾಗದಿಂದ ಸಣ್ಣ ನಳಿಕೆ ಹೊರಗೆ ಬೆಳೆಯುದನ್ನು ತೆಗೊಂಡಿದ್ದೇನೆ. ಸ್ಲೈಡಿನ ಮೇಲೆ ಸಕ್ಕರೆ ನೀರಿನ ಹನಿ ಹಾಕಿ ಅದಕ್ಕೆ ಪರಾಗ ಉದುರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುದು, ಕ್ಲಾಸಲ್ಲಿ ಸುಮಾರು ಜನ ಮಾಡಿರ್ತೀರಿ. ಟೀಚರ್ ಶಾಲೆಯ ಹಳೆ ಮೈಕ್ರೋಸ್ಕೋಪ್ ಒಂದನ್ನು ಓಣಂ ರಜೆಗೆ ಮನೆಗೆ ಕೊಟ್ಟಿದ್ದಾರೆ, ಹಾಗಾಗಿ ನಾಲ್ಕು ದಿನದಿಂದ ಇದೇ ಕೆಲಸ.

ಹೂ ನಿತ್ಯಪುಷ್ಪ, ನಮ್ಮ ಅಂಗಳದ ಗುಲಾಬಿ ಬಣ್ಣದ್ದು. ಅದರ ಪರಾಗ ಹೊರಗೆ ಕಾಣುದಿಲ್ಲ, ಹೂವಿನ ಕೊಳವೆಯನ್ನು ಉಗುರಲ್ಲಿ ಮೆಲ್ಲ ಸೀಳಿದ್ರೆ ಬಾಯಿಯ ಹತ್ರ ಐದು ಪರಾಗಕೋಶ ಒಂದಕ್ಕೊಂದು ತಾಗಿ ಗೋಪುರದ ಹಾಗೆ ಕೂತಿರ್ತವೆ, ಅಲ್ಲಿಂದ ಸೂಜಿ ತುದಿಯಲ್ಲಿ ತೆಗಿಯುದು. 100 ಎಂಎಲ್ ನೀರಿಗೆ 10 ಗ್ರಾಂ ಸಕ್ಕರೆ, ಮತ್ತೆ ಟೀಚರ್ ಲ್ಯಾಬಿನಲ್ಲಿ ತೂಗಿ ಪೊಟ್ಟಣ ಕಟ್ಟಿ ಕೊಟ್ಟ ಬೋರಿಕ್ ಆಸಿಡ್ 10 ಮಿಲಿಗ್ರಾಂ. ನೀರು ಮನೆಯ ಸುರಂಗದ್ದು, ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವಂಥದ್ದು.

ಮೂರು ದಿನ ಮಾಡಿದೆ, ಮೂರು ದಿನವೂ ಹೆಚ್ಚುಕಡಿಮೆ ಒಂದೇ ಕಥೆ. ಎರಡು ಗಂಟೆ ಕಳೆದ್ರೂ ಬಿಡಿ ಬಿಡಿಯಾಗಿ ಬಿದ್ದ ಪರಾಗ ಸುಮ್ಮನೆ ಉರುಟಾಗಿ ಕೂತಿದೆ. ಆದ್ರೆ ಸೂಜಿಯಿಂದ ಒಂದು ಕಡೆ ರಾಶಿ ಬಿದ್ದಲ್ಲಿ, ಆ ರಾಶಿಯ ನಡುವಲ್ಲಿ ಮಾತ್ರ ಕೆಲವಕ್ಕೆ ನಳಿಕೆ ಬಂದಿತ್ತು. ಗುಂಪಾಗಿ ಬಿದ್ದದ್ದು ಮೊಳಕೆ ಬಂತು, ಒಂಟಿಯಾಗಿ ಬಿದ್ದದ್ದು ಬರ್ಲಿಲ್ಲ. ಒಂಟಿಯಲ್ಲಿ ಎರಡು ಮೂರು ಸ್ವಲ್ಪ ನಳಿಕೆ ಹೊರಗೆ ಹಾಕಿದ ಹಾಗೆ ಮಾಡಿ ತುದಿಯಲ್ಲೇ ಒಡೆದು ಒಳಗಿದ್ದದ್ದೆಲ್ಲ ಹೊಗೆಯ ಹಾಗೆ ಹೊರಗೆ ಹರಡಿತು.

ನಿನ್ನೆ ಅತ್ತೆ ಮನೆಗೆ ಉಪ್ಪಳಕ್ಕೆ ಹೋಗುವಾಗ ಮೈಕ್ರೋಸ್ಕೋಪೂ ತೆಗೊಂಡು ಹೋದೆ, ಸಕ್ಕರೆ ಬೋರಿಕ್ ಪೊಟ್ಟಣ ಎಲ್ಲ ಇಲ್ಲಿಯದ್ದೇ, ಗಿಡವೂ ನಮ್ಮಲ್ಲಿಂದಲೇ ಚಟ್ಟಿಯಲ್ಲಿ ಕೊಂಡುಹೋದದ್ದು, ನೀರು ಮಾತ್ರ ಅಲ್ಲಿಯ ಬೋರ್‌ವೆಲ್ಲಿನದ್ದು. ಒಂದು ಗಂಟೆಗೆ ನೋಡುವಾಗ ಸ್ಲೈಡ್ ತುಂಬ ನೂಲು ಹರಡಿದ ಹಾಗೆ ನಳಿಕೆಗಳು. ಒಂಟಿಯಾಗಿ ಬಿದ್ದದ್ದಕ್ಕೂ.

ಅಣ್ಣ ಹೇಳ್ತಾನೆ ಕಡಲಿನ ಹತ್ರ ಅಲ್ವಾ ಉಪ್ಪು ಇರ್ಬೇಕು ಅಂತ. ನೆಟ್ಟಿನಲ್ಲಿ ಹುಡುಕಿದ್ರೆ ಕ್ಯಾಲ್ಸಿಯಂ ಅಂತ ಬರ್ತದೆ. ಕ್ಯಾಲ್ಸಿಯಂ ಎಲುಬಿಗೆ ಹಲ್ಲಿಗೆ ಅಂತ ಕಲ್ತದ್ದು, ಎಲುಬೇ ಇಲ್ಲದ ಪರಾಗಕ್ಕೆ ಅದರಿಂದ ಎಂತ ಕೆಲಸ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕುಂಬಳೆ_ಬಿಎಸ್ಸಿ
ಭಾನುವಾರ, ರಾತ್ರಿ 9.55

ತಂಗಿ, ಒಳ್ಳೆ ನೋಟ. ಆದ್ರೆ ನೀರು ಅಂತ ತೀರ್ಮಾನ ಮಾಡುವ ಮೊದಲು ಒಂದೆರಡು ವಿಷಯ ಕೇಳ್ತೇನೆ. ಹೂ ಕೊಯ್ದದ್ದು ಎರಡೂ ಕಡೆ ಒಂದೇ ಹೊತ್ತಿಗಾ? ಬೆಳಿಗ್ಗೆ ಅರಳಿದ ಕೂಡಲೇ ತೆಗೆದ ಪರಾಗಕ್ಕೂ ಮಧ್ಯಾಹ್ನದ ಪರಾಗಕ್ಕೂ ವ್ಯತ್ಯಾಸ ಇರ್ತದೆ. ಬಾಯಾರಿನಲ್ಲಿ ಈಗ ಮಳೆ ತಂಪು ಹೆಚ್ಚಲ್ವಾ, ಉಪ್ಪಳದಲ್ಲಿ ಸೆಕೆ, ಚಳಿಗೆ ಮೊಳಕೆ ತಡ ಆಗ್ತದೆ. ಸ್ಲೈಡ್ ಸಾಬೂನಲ್ಲಿ ತೊಳ್ದು ಸಾಬೂನು ಉಳಿದಿದ್ರೂ ಕೆಡ್ತದೆ. ಮತ್ತೆ ಉಪ್ಪಳದ ಆ ನೀರಿಗೆ ಸಾಬೂನು ನೊರೆ ಬರ್ತದಾ, ನೀರು ಕಾಯಿಸುವ ಪಾತ್ರೆಯ ಅಡಿಯಲ್ಲಿ ಬಿಳಿ ಪರೆ ಕಟ್ತದಾ, ಅದೊಂದು ನೋಡಿ ಹೇಳು. ಉಪ್ಪಿನ ನೀರಾ, ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಾ ಅಂತ ಅದರಲ್ಲೇ ಅರ್ಧ ಗೊತ್ತಾಗ್ತದೆ.

ನಿತ್ಯಪುಷ್ಪ_ಬಾಯಾರು
ಭಾನುವಾರ, ರಾತ್ರಿ 10.20

ಅಕ್ಕ, ಎರಡೂ ಕಡೆ ಬೆಳಿಗ್ಗೆ ಎಂಟರ ಒಳಗೆ. ಸ್ಲೈಡ್ ಬರೀ ನೀರಲ್ಲಿ ತೊಳ್ದು ಬಟ್ಟೆಯಲ್ಲಿ ಒರಸಿದ್ದು. ಸೆಕೆಯ ವಿಷಯ ಹೌದು, ಹಾಗೆ ಇವತ್ತು ಆ ನೀರನ್ನೇ ಒಂದು ಬಾಟ್ಲಿಯಲ್ಲಿ ಮನೆಗೆ ತಂದು ಸುರಂಗದ ನೀರಿನ ಹನಿ, ಬೋರಿನ ನೀರಿನ ಹನಿ ಎರಡನ್ನೂ ಒಂದೇ ಸ್ಲೈಡಿನ ಎರಡು ಕೊಡಿಯಲ್ಲಿ ಇಟ್ಟು ನೋಡಿದೆ. ಆಗಲೂ ಅದೇ. ಅತ್ತೆಗೆ ಫೋನ್ ಮಾಡಿ ಕೇಳಿದೆ, ಹಂಡೆಯ ಅಡಿಯಲ್ಲಿ ಬಿಳಿ ಪರೆ ದಪ್ಪಕ್ಕೆ ಕಟ್ತದಂತೆ, ತಿಂಗಳಿಗೊಮ್ಮೆ ಕೆರೆಸಿ ತೆಗಿಬೇಕಂತೆ, ಬಟ್ಟೆಗೆ ಸಾಬೂನು ಎಷ್ಟು ತಿಕ್ಕಿದ್ರೂ ನೊರೆ ಇಲ್ಲ. ಉಪ್ಪುಪ್ಪು ರುಚಿ ಇಲ್ಲ ಹೇಳಿದ್ರು. ನಮ್ಮ ಸುರಂಗದ ನೀರಿಗೆ ಚೂರು ಸಾಬೂನು ತಾಗಿದ್ರೆ ಸಾಕು, ನೊರೆ ಹೋಗ್ಲಿಕ್ಕೆ ಮೂರು ಸಲ ತೊಳಿಬೇಕು.

ಮಾಷ್ಟ್ರು_ಮುಳ್ಳೇರಿಯ
ಸೋಮವಾರ, ಬೆಳಿಗ್ಗೆ 6.30

ಮಗಳೇ, ನಾನು ಬಾಟನಿ ಪಾಠ ಮಾಡಿ ನಿವೃತ್ತಿ ಆದವ. 'ಗುಂಪಾಗಿ ಬಿದ್ದದ್ದು ಮೊಳಕೆ ಬಂತು, ಒಂಟಿಯಾಗಿ ಬಿದ್ದದ್ದು ಬರ್ಲಿಲ್ಲ' ಅಂತ ಬರೆದಿದ್ದೀಯಲ್ಲ, ಆ ಸಾಲನ್ನು ಎರಡು ಸಲ ಓದಿದೆ. ಪರಾಗದ ಕೆಲಸ ಮಾಡುವವರನ್ನು ಬಹಳ ಕಾಲ ಕಾಡಿದ ಪ್ರಶ್ನೆ ಇದೇ. ಹನಿಯಲ್ಲಿ ಪರಾಗ ದಟ್ಟವಾಗಿದ್ರೆ ಚೆಂದ ಬೆಳೀತದೆ, ನಾಲ್ಕೈದೇ ಇದ್ರೆ ಬೆಳೆಯುದಿಲ್ಲ. ಗುಂಪಿನಲ್ಲಿರುವಾಗ ಒಂದರಿಂದ ಇನ್ನೊಂದಕ್ಕೆ ಎಂತದೋ ಸಿಗ್ತದೆ ಅಂತ ಗೊತ್ತಿತ್ತು, ಅದು ಯಾವುದು ಅಂತ ಗೊತ್ತಿರ್ಲಿಲ್ಲ. ಗಿಡದ ಬೇರೆ ಬೇರೆ ಭಾಗದ ರಸ ತೆಗೆದು ಹನಿಗೆ ಹಾಕಿದ್ರೂ ಒಂಟಿ ಪರಾಗ ಬೆಳೀತಿತ್ತು. ಯಾವುದೋ ಹಾರ್ಮೋನ್ ಇರ್ಬೇಕು ಅಂತ ಯಾರಿಗಾದ್ರೂ ತೋರುವ ಹಾಗಿನ ವಿಷಯ. ಹವಾಯಿ ವಿಶ್ವವಿದ್ಯಾಲಯದ ಜೇಮ್ಸ್ ಬ್ರೂಬೇಕರ್, ನಮ್ಮಲ್ಲಿ ಬೇಲಿಗೆ ನೆಡುವ ಸುಬಾಬುಲ್ ಮೇಲೆ ಕೆಲಸ ಮಾಡಿದವರೂ ಅವರೇ, ಅವರು ಮತ್ತು ಕ್ವಾಕ್ ಎಂಬವರು ಸೇರಿ ಇದರ ಬೆನ್ನು ಹಿಡಿದು ಹೋಗಿ ಕಡೆಗೆ ಸಿಕ್ಕಿದ್ದು ಹಾರ್ಮೋನೂ ಅಲ್ಲ ವಿಟಮಿನೂ ಅಲ್ಲ, ಬರೀ ಕ್ಯಾಲ್ಸಿಯಂ. 1963ರಲ್ಲಿ ಪ್ರಕಟ ಮಾಡಿದ್ರು, 39 ಸಸ್ಯ ಕುಟುಂಬದ 86 ಜಾತಿಯ ಪರಾಗದಲ್ಲಿ ನೋಡಿ.

ಒಂಟಿ ಪರಾಗದ ಕಷ್ಟ ಎಂತ ಅಂದ್ರೆ, ತನ್ನಲ್ಲಿದ್ದ ಅಷ್ಟಿಷ್ಟು ಕ್ಯಾಲ್ಸಿಯಂ ಸುತ್ತಲಿನ ನೀರಿಗೆ ಸೋರಿ ಹೋಗ್ತದೆ. ಗುಂಪಿನಲ್ಲಿದ್ರೆ ಎಲ್ಲದರಿಂದ ಸೋರಿದ್ದು ಅಲ್ಲೇ ನಿಲ್ತದೆ, ನಡುವಿನವಕ್ಕೆ ಸಾಕಾಗ್ತದೆ. ನೀನು ರಾಶಿಯ ನಡುವಲ್ಲಿ ಮಾತ್ರ ನಳಿಕೆ ಕಂಡದ್ದು ಅದಕ್ಕೇ.

ಅವರು ಬಳಸಿದ ದ್ರಾವಣವನ್ನೇ ಇವತ್ತಿಗೂ ಲ್ಯಾಬುಗಳಲ್ಲಿ ಬಳಸ್ತಾರೆ: ಒಂದು ಲೀಟರಿಗೆ ಸಕ್ಕರೆ 100 ಗ್ರಾಂ, ಬೋರಿಕ್ ಆಸಿಡ್ 100 ಮಿಲಿಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 300, ಮೆಗ್ನೀಸಿಯಂ ಸಲ್ಫೇಟ್ 200, ಪೊಟಾಸಿಯಂ ನೈಟ್ರೇಟ್ 100 ಮಿಲಿಗ್ರಾಂ. ಆ 300 ಮಿಲಿಗ್ರಾಂ ಕ್ಯಾಲ್ಸಿಯಂ ನೈಟ್ರೇಟಿನಲ್ಲಿ ಬರೀ ಕ್ಯಾಲ್ಸಿಯಂ ಲೆಕ್ಕ ಹಾಕಿದ್ರೆ ಸುಮಾರು 51 ಮಿಲಿಗ್ರಾಂ. ನೀರಿನ ಗಡಸುತನ ಹೇಳುವ ಲೆಕ್ಕಕ್ಕೆ ತಂದ್ರೆ ಲೀಟರಿಗೆ 127 ಮಿಲಿಗ್ರಾಂ ಆಯ್ತು. ಹಂಡೆಯ ಅಡಿಯಲ್ಲಿ ಪರೆ ಕಟ್ಟುವ ನೀರಿನಲ್ಲಿ ಅಷ್ಟು ಇರುದು ದೊಡ್ಡ ವಿಷಯ ಅಲ್ಲ. ಅಂದ್ರೆ ನಿನ್ನ ಅತ್ತೆ ಮನೆಯ ಬೋರಿನಿಂದ ಬಂದದ್ದು ಹೆಚ್ಚುಕಡಿಮೆ ಬ್ರೂಬೇಕರ್ ದ್ರಾವಣವೇ! ನಮ್ಮ ಸುರಂಗದ ನೀರು ಮುರಕಲ್ಲಿನ ಎಡೆಯಿಂದ ಒಸರಿ ಬರುದು. ಈ ಮುರಕಲ್ಲು ಲಕ್ಷಗಟ್ಟಲೆ ವರ್ಷ ಮಳೆಯಲ್ಲಿ ತೊಳ್ದು ತೊಳ್ದು ಸುಣ್ಣದ ಅಂಶ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿದ ಕಲ್ಲು. ಅದರ ನೀರು ಕುಡೀಲಿಕ್ಕೆ ಅಮೃತ, ಆದ್ರೆ ಕ್ಯಾಲ್ಸಿಯಂ ಬಹಳ ಕಡಿಮೆ.

ಇನ್ನು ಎಲುಬಿಲ್ಲದ ಪರಾಗಕ್ಕೆ ಕ್ಯಾಲ್ಸಿಯಂ ಎಂತಕ್ಕೆ ಅನ್ನುವ ನಿನ್ನ ಪ್ರಶ್ನೆ. ಎರಡು ಬೇರೆ ಬೇರೆ ಕೆಲಸ ಉಂಟು, ಒಂದು ಹೊರಗೆ ಗೋಡೆಯಲ್ಲಿ, ಒಂದು ಒಳಗೆ ತುದಿಯಲ್ಲಿ.

ಮೊದಲು ಗೋಡೆ. ಪರಾಗನಳಿಕೆ ಬೆಳೆಯುದು ತುದಿಯಲ್ಲಿ ಮಾತ್ರ. ಬಾಳೆಯ ಸುಳಿ ಬುಡದಿಂದ ದೂಡಿಕೊಂಡು ಬರುವ ಹಾಗೆ ಅಲ್ಲ, ನಳಿಕೆಯ ಹಿಂದಿನ ಭಾಗ ಇದ್ದಲ್ಲೇ ಇರ್ತದೆ, ತುದಿ ಮಾತ್ರ ಮುಂದೆ ಹೋಗ್ತದೆ. ಆ ತುದಿಯ ಗೋಡೆ ಹೆಚ್ಚಿನಂಶ ಪೆಕ್ಟಿನ್, ಗಿಡದ ಕೋಶದ ಗೋಡೆಯಲ್ಲಿರುವ ಅಂಟಿನಂಥ ವಸ್ತು. ಒಳಗಿಂದ ಸಣ್ಣ ಸಣ್ಣ ಚೀಲಗಳಲ್ಲಿ ಮೆತ್ತನೆ ಪೆಕ್ಟಿನ್ ಬಂದು ತುದಿಗೆ ಸೇರ್ತಾ ಇರ್ತದೆ, ಮೆತ್ತಗೆ ಇದ್ದಷ್ಟು ಹೊತ್ತು ಒಳಗಿನ ಒತ್ತಡಕ್ಕೆ ಹಿಗ್ಗುತ್ತದೆ, ಆಮೇಲೆ ಒಂದು ಕಿಣ್ವ ಆ ಪೆಕ್ಟಿನಿಗೆ ಅಂಟಿದ ಮೀಥೈಲ್ ಗುಂಪನ್ನು ಕಳಚ್ತದೆ, ಕಳಚಿದಲ್ಲಿಗೆ ಕ್ಯಾಲ್ಸಿಯಂ ಬಂದು ಎರಡು ಪೆಕ್ಟಿನ್ ಎಳೆಗಳನ್ನು ಒಟ್ಟಿಗೆ ಹಿಡಿದು ಗಟ್ಟಿ ಮಾಡ್ತದೆ. ಕುಂಬಳಕಾಯಿ ಪೇಠ ಮಾಡುವವರು ಹೋಳುಗಳನ್ನು ಮೊದಲು ಸುಣ್ಣದ ತಿಳಿನೀರಲ್ಲಿ ನೆನೆಸಿ ಇಡ್ತಾರಲ್ಲ, ಹೋಳು ಬೇಯುವಾಗ ಕರಗದೆ ಗರಿಗರಿ ಉಳಿಲಿಕ್ಕೆ, ಅಲ್ಲಿ ಆಗುದೂ ಇದೇ, ಕ್ಯಾಲ್ಸಿಯಂ ಪೆಕ್ಟಿನನ್ನು ಹಿಡಿಯುದು. ನಿನ್ನ ಸುರಂಗದ ನೀರಲ್ಲಿ ನಳಿಕೆ ಸ್ವಲ್ಪ ಹೊರಗೆ ಬಂದು ತುದಿ ಒಡೆದದ್ದು ಗೋಡೆ ಗಟ್ಟಿ ಆಗ್ಲಿಕ್ಕೆ ಬೇಕಾದ್ದು ಸಿಗದೆ. ಬೋರಿಕ್ ಆಸಿಡಿನಲ್ಲಿರುವ ಬೋರಾನೂ ಗೋಡೆಯ ಪೆಕ್ಟಿನನ್ನೇ ಇನ್ನೊಂದು ಜಾಗದಲ್ಲಿ ಜೋಡಿಸುವಂಥದ್ದು, ಆದ್ರೆ ಒಂದರ ಬದಲಿಗೆ ಇನ್ನೊಂದು ಆಗುದಿಲ್ಲ.

ಹೆಚ್ಚಾದ್ರೂ ಕಷ್ಟ. ಲಿಲ್ಲಿ ಹೂವಿನ ಪರಾಗದಲ್ಲಿ ನೋಡಿದ ಪ್ರಕಾರ ಹೊರಗಿನ ನೀರಲ್ಲಿ ಕ್ಯಾಲ್ಸಿಯಂ 10 ಮೈಕ್ರೋಮೋಲಾರಿಗಿಂತ (ಮೋಲಾರ್ ಅಂದ್ರೆ ನೀರಲ್ಲಿ ಎಷ್ಟು ಕರಗಿದೆ ಅನ್ನುವ ಅಳತೆ) ಕೆಳಗೆ ಹೋದ್ರೂ ಬೆಳವಣಿಗೆ ನಿಲ್ತದೆ, 10 ಮಿಲಿಮೋಲಾರಿಗಿಂತ ಮೇಲೆ ಹೋದ್ರೂ ನಿಲ್ತದೆ. ನಡುವೆ ಸಾವಿರ ಪಟ್ಟು ಅಂತರ ಉಂಟು, ಅಷ್ಟರಲ್ಲಿ ಎಲ್ಲಿಯಾದ್ರೂ ಆಗ್ತದೆ.

ಒಳಗಿನ ಕೆಲಸ ನನಗೆ ಇನ್ನೂ ಇಷ್ಟ. ಜೀವಕೋಶದ ಒಳಗೆ ಕ್ಯಾಲ್ಸಿಯಂ ಅಯಾನ್ ಯಾವಾಗಲೂ ಬಹಳ ಕಡಿಮೆ, 0.1ರಿಂದ 0.2 ಮೈಕ್ರೋಮೋಲಾರ್ ಅಷ್ಟೇ, ಹೆಚ್ಚಾದದ್ದನ್ನು ಪಂಪುಗಳು ಹೊರಗೆ ಹಾಕ್ತಾ ಇರ್ತವೆ. ಬೆಳೆಯುವ ನಳಿಕೆಯ ತುತ್ತ ತುದಿಯಲ್ಲಿ ಮಾತ್ರ ಅದು 1ರಿಂದ 10ರವರೆಗೆ ಏರಿರ್ತದೆ. ಹೊರಗಿನ ಕ್ಯಾಲ್ಸಿಯಂ ತುದಿಯ ಪೊರೆಯಲ್ಲಿರುವ ಬಾಗಿಲುಗಳಿಂದ ಒಳಗೆ ಬರ್ತಾ ಇರುದರಿಂದ ಹೀಗೆ. ಬಣ್ಣ ಬದಲಿಸುವ ರಾಸಾಯನಿಕ ಹಾಕಿ ನೋಡಿದವರಿಗೆ ತುದಿಯಲ್ಲಿ ದೀಪ ಹಚ್ಚಿದ ಹಾಗೆ ಕಾಣ್ತದೆ, ಬೆಳವಣಿಗೆ ನಿಂತ್ರೆ ಆ ದೀಪ ಆರ್ತದೆ. ಒಂದೇ ಸಮ ಉರಿಯುದೂ ಅಲ್ಲ, ಲಿಲ್ಲಿಯಲ್ಲಿ 15ರಿಂದ 60 ಸೆಕೆಂಡಿಗೊಮ್ಮೆ ಏರಿ ಇಳೀತದೆ, ನಳಿಕೆಯ ವೇಗವೂ ಹಾಗೇ ಏರಿ ಇಳೀತದೆ.

1996ರಲ್ಲಿ ಮಾಲ್ಯೊ, ಟ್ರೆವಾವಸ್ ಇಬ್ಬರು ಅಗಪಾಂಥಸ್ ಅನ್ನುವ ನೀಲಿ ಹೂವಿನ ನಳಿಕೆಯಲ್ಲಿ ಒಂದು ಪ್ರಯೋಗ ಮಾಡಿದ್ರು. ಬೆಳಕು ಬಿದ್ರೆ ಮಾತ್ರ ಬಿಡುಗಡೆ ಆಗುವ ಹಾಗೆ ಕಟ್ಟಿಟ್ಟ ಕ್ಯಾಲ್ಸಿಯಂ ಒಳಗೆ ಸೇರಿಸಿ ತುದಿಯ ಒಂದು ಪಕ್ಕಕ್ಕೆ ಮಾತ್ರ ಬೆಳಕು ಬಿಟ್ಟಾಗ, ಯಾವ ಪಕ್ಕದಲ್ಲಿ ಕ್ಯಾಲ್ಸಿಯಂ ಹೆಚ್ಚಾಯ್ತೋ ನಳಿಕೆ ಆ ಪಕ್ಕಕ್ಕೆ ತಿರುಗಿತು. ಗೋಡೆಗೆ ಗಾರೆ ಆಗುವ ವಸ್ತುವೇ ಒಳಗೆ ಸ್ಟೇರಿಂಗೂ ಆಗ್ತದೆ, ಕ್ಯಾಲ್ಸಿಯಂ ಎಷ್ಟು ಉಂಟು ಅನ್ನುದಕ್ಕಿಂತ ಎಲ್ಲಿ ಉಂಟು ಅನ್ನುದು ಇಲ್ಲಿ ಮುಖ್ಯ.

ನಿನಗೆ ಆ ದೀಪ ಶಾಲೆಯ ಮೈಕ್ರೋಸ್ಕೋಪಿನಲ್ಲಿ ಕಾಣ್ಲಿಕ್ಕಿಲ್ಲ. ಆದ್ರೆ 40ರ ಲೆನ್ಸ್ ಹಾಕಿ, ಬೆಳಕು ಸ್ವಲ್ಪ ಕಡಿಮೆ ಮಾಡಿ, ಒಂದೇ ನಳಿಕೆಯನ್ನು ಐದು ನಿಮಿಷ ಬಿಡದೆ ನೋಡು. ಒಳಗೆ ಸಣ್ಣ ಕಾಳುಗಳು ಅಂಚಿನಲ್ಲಿ ಮುಂದೆ ಓಡಿ ನಡುವಲ್ಲಿ ವಾಪಸ್ ಬರ್ತವೆ, ತುದಿಯವರೆಗೆ ಮಾತ್ರ ಹೋಗುದಿಲ್ಲ, ಸ್ವಲ್ಪ ಹಿಂದೆಯೇ ತಿರುಗ್ತವೆ. ಅವನ್ನು ಹೊತ್ತು ಓಡಿಸುವ ಆಕ್ಟಿನ್ ಎಳೆಗಳನ್ನು ತುದಿಯ ಆ ಹೆಚ್ಚಿನ ಕ್ಯಾಲ್ಸಿಯಂ ತುಂಡು ತುಂಡು ಮಾಡ್ತದೆ, ಹಾಗಾಗಿ ದೊಡ್ಡ ಕಣ ಅಲ್ಲಿಗೆ ಮುಟ್ಟುದಿಲ್ಲ. ಗೋಡೆಯ ಸಾಮಾನು ತರುವ ಸಣ್ಣ ಚೀಲಗಳು ಮಾತ್ರ ಅಲ್ಲಿ ತುಂಬಿರ್ತವೆ.

ಕುಂಬಳೆ_ಬಿಎಸ್ಸಿ
ಸೋಮವಾರ, ಬೆಳಿಗ್ಗೆ 8.05

ಮಾಷ್ಟ್ರೇ, ನನ್ನದೊಂದು ಸಂಶಯ. ನಾವು ಕ್ಲಾಸಲ್ಲಿ ತೆಂಗಿನ ಪರಾಗ ಮೊಳಕೆ ಮಾಡುವಾಗ ಸಕ್ಕರೆ, ಬೋರಿಕ್ ಆಸಿಡ್, ಅಗರ್ ಇಷ್ಟೇ ಹಾಕಿದ್ದು, ಕ್ಯಾಲ್ಸಿಯಂ ಹಾಕ್ಲೇ ಇಲ್ಲ, ನೀರು ಡಿಸ್ಟಿಲ್ಡ್. ಆದ್ರೂ ಲಾಯ್ಕ ಬಂತು. ಅದು ಹೇಗೆ? ಮತ್ತೆ ಹೂವಿನ ಒಳಗೆ ನಳಿಕೆ, ಮುಂದೆ ಬೀಜ ಆಗುವ ಅಂಡಕದವರೆಗೆ ದಾರಿ ತಪ್ಪದೆ ಹೋಗುದೂ ಕ್ಯಾಲ್ಸಿಯಂ ಹುಡುಕಿಕೊಂಡೇ ಅಂತ ಎಲ್ಲೋ ಓದಿದ ನೆನಪು.

ಮಾಷ್ಟ್ರು_ಮುಳ್ಳೇರಿಯ
ಸೋಮವಾರ, ಬೆಳಿಗ್ಗೆ 8.50

ಅಗರ್ ಕಡಲಿನ ಪಾಚಿಯಿಂದ ತೆಗೆದದ್ದು, ಅದರಲ್ಲೇ ಕ್ಯಾಲ್ಸಿಯಂ ಸೇರಿರ್ತದೆ. ಮೇಲಿಂದ ನೀವು ಪರಾಗ ಚಮಚೆಯಲ್ಲಿ ಸುರಿದ ಹಾಗೆ ಉದುರಿಸಿರ್ತೀರಿ, ಗುಂಪಿನ ಲಾಭವೂ ಸಿಕ್ಕಿತು. ಪರಾಗಕ್ಕೆ ಜೀವ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಅಷ್ಟು ಧಾರಾಳ ಸಾಕು. ತೆಂಗಿನಲ್ಲಿ ಕೈಯಿಂದ ಪರಾಗಸ್ಪರ್ಶ ಮಾಡಿಸುವ ಕೆಲಸಕ್ಕೆ ನಮ್ಮ ಊರಿಗೂ ಹಳೇ ಸಂಬಂಧ ಉಂಟು, ನೀಲೇಶ್ವರದಲ್ಲಿ 1932ರಲ್ಲೇ ಜೆ. ಎಸ್. ಪಟೇಲ್ ಎತ್ತರದ ತೆಂಗಿಗೆ ಗಿಡ್ಡ ತೆಂಗಿನ ಪರಾಗ ಹಾಕಿ ಹೈಬ್ರಿಡ್ ಮಾಡಿದ್ರು.

ದಾರಿಯ ವಿಷಯ. 1962ರಲ್ಲಿ ಮಸ್ಕರೇನ್ಹಸ್, ಮ್ಯಾಕ್ಲಿಸ್ ಇಬ್ಬರು ಸ್ನಾಪ್‌ಡ್ರ್ಯಾಗನ್ ಹೂವಿನಲ್ಲಿ ನಳಿಕೆ ಕ್ಯಾಲ್ಸಿಯಂ ಇರುವ ಕಡೆಗೆ ತಿರುಗ್ತದೆ ಅಂತ ತೋರಿಸಿದ್ರು, ಹಾಗಾಗಿ ಎಲ್ಲ ಹೂವಿನಲ್ಲೂ ದಾರಿ ತೋರಿಸುದು ಅದೇ ಇರ್ಬೇಕು ಅಂತ ಆಸೆ ಹುಟ್ಟಿತು. ಆದ್ರೆ ಬೇರೆ ಬೇರೆ ಗಿಡದಲ್ಲಿ ನೋಡ್ತಾ ಹೋದ ಹಾಗೆ ಅದು ಎಲ್ಲ ಕಡೆ ಹೊಂದಲಿಲ್ಲ. ಕಡೆಗೆ ಜಪಾನಿನ ಹಿಗಾಶಿಯಾಮ ತಂಡ ಟೊರೇನಿಯಾ ಹೂವಿನಲ್ಲಿ ಉತ್ತರ ಕಂಡದ್ದು, ಈಗ ನಮ್ಮಲ್ಲಿ ಮನೆ ಎದುರು ಚಟ್ಟಿಯಲ್ಲಿ ಇಡುವ ನೇರಳೆ ಬಾಯಿಯ ಪುಟ್ಟ ಹೂ ಉಂಟಲ್ಲ ಅದೇ. ಅದರಲ್ಲಿ ಅಂಡಾಣು ಇರುವ ಭ್ರೂಣಚೀಲ ಅಂಡಕದಿಂದ ಹೊರಗೆ ಇಣುಕಿಕೊಂಡಿರ್ತದೆ, ಹಾಗಾಗಿ ನೇರ ನೋಡ್ಲಿಕ್ಕೆ ಆಗ್ತದೆ. ಅಂಡಾಣುವಿನ ಪಕ್ಕದ ಎರಡು ಸಿನರ್ಜಿಡ್ ಕೋಶಗಳನ್ನು ಲೇಸರಿನಲ್ಲಿ ನಾಶ ಮಾಡಿದ್ರೆ ನಳಿಕೆ ಬರುದೇ ಇಲ್ಲ ಅಂತ 2001ರಲ್ಲಿ ತೋರಿಸಿದ್ರು, 2009ರಲ್ಲಿ ಆ ಕೋಶಗಳು ಬಿಡುವ ಲೂರ್ ಅನ್ನುವ ಸಣ್ಣ ಪ್ರೋಟೀನುಗಳನ್ನು ಹಿಡಿದ್ರು. ಕರೆಯುದು ಆ ಪ್ರೋಟೀನ್. ಕರೆ ಕೇಳಿದ ಮೇಲೆ ತಿರುಗ್ಲಿಕ್ಕೆ ನಳಿಕೆಯ ಒಳಗೆ ಕ್ಯಾಲ್ಸಿಯಂ ಬೇಕೇ ಬೇಕು. ನಳಿಕೆ ಸಿನರ್ಜಿಡಿಗೆ ಮುಟ್ಟಿದಾಗ ಆ ಕೋಶದಲ್ಲೂ ಕ್ಯಾಲ್ಸಿಯಂ ಏರಿ ಇಳೀತದೆ, ಆಮೇಲೆ ನಳಿಕೆ ಒಡೆದು ಗಂಡು ಕೋಶ ಎರಡೂ ಹೊರಗೆ ಬರ್ತವೆ. ಸ್ಲೈಡಿನಲ್ಲಿ ಒಡೆದ್ರೆ ನಷ್ಟ, ಅಲ್ಲಿ ಒಡೆಯದಿದ್ರೆ ನಷ್ಟ.

ಪೆರ್ಲದ_ತೋಟ
ಸೋಮವಾರ, ಮಧ್ಯಾಹ್ನ 1.40

ಮಾಷ್ಟ್ರೇ, ಊಟ ಮಾಡಿ ಎಲೆ ಹಾಕಿಕೊಂಡು ಪೂರ್ತಿ ಓದಿದೆ. ನಾನು ಅಡಿಕೆ ತೋಟದವ, ಮೈಕ್ರೋಸ್ಕೋಪ್ ನೋಡಿದವ ಅಲ್ಲ. ನಮ್ಮಲ್ಲಿ ಏಪ್ರಿಲ್ ಮೇ ಬಂದ್ರೆ ಮರದ ಬುಡದಲ್ಲಿ ನಳ್ಳಿ, ಅಂದ್ರೆ ಎಳೆ ಅಡಿಕೆ ಕಾಯಿ, ಹಾಸಿದ ಹಾಗೆ ಉದುರ್ತದೆ, ಬೆಳಿಗ್ಗೆ ತೋಟಕ್ಕೆ ಹೋಗಿ ಅದನ್ನು ಕಾಣುವಾಗ ಹೊಟ್ಟೆ ಉರೀತದೆ. ಹೋದ ವರ್ಷ ಒಬ್ಬ ಸೇಲ್ಸಿನವ ಬಂದು ಕ್ಯಾಲ್ಸಿಯಂ ಬೋರಾನ್ ಸೇರಿದ ಡಬ್ಬಿ ಕೊಟ್ಟು ಹಿಂಗಾರಕ್ಕೆ ಸ್ಪ್ರೇ ಮಾಡಿ ಪರಾಗ ಕಚ್ತದೆ ನಳ್ಳಿ ನಿಲ್ತದೆ ಅಂದ. ಮರ ಹತ್ತುವವರ ಕೂಲಿ ಸೇರಿ ದೊಡ್ಡ ಖರ್ಚಾಯ್ತು, ಉದುರುದು ಉದುರಿತು. ನೀವು ಹೇಳುದು ಕೇಳಿದ್ರೆ ಪರಾಗಕ್ಕೆ ಕ್ಯಾಲ್ಸಿಯಂ ಬೇಕು ಅಂತ ಆಯ್ತು, ಹಾಗಾದ್ರೆ ನಾನು ಮಾಡಿದ್ದು ಸರಿಯೇ ಅಲ್ವಾ, ಮತ್ತೆ ಎಲ್ಲಿ ತಪ್ಪಿತು?

ಅಗ್ರಿ_ಬದಿಯಡ್ಕ
ಸೋಮವಾರ, ಸಂಜೆ 5.15

ಅಣ್ಣ, ಇದಕ್ಕೆ ನಾನು ಹೇಳ್ತೇನೆ, ನಮ್ಮ ಮನೆಯದ್ದೂ ಅಡಿಕೆಯೇ, ಕಲ್ತದ್ದೂ ಅಗ್ರಿ.

ಸ್ಲೈಡಿನ ಹನಿಯಲ್ಲಿ ಪರಾಗಕ್ಕೆ ನಾವು ಕೊಟ್ಟದ್ದು ಬಿಟ್ಟು ಬೇರೇನೂ ಇಲ್ಲ. ಮರದಲ್ಲಿ ಹಾಗಲ್ಲ, ಹೆಣ್ಣು ಹೂವಿನಲ್ಲಿ ಪರಾಗ ಬೀಳುವ ತುದಿ ಶಲಾಕಾಗ್ರ, ಅದರ ಕೆಳಗಿನ ದಾರಿಯ ಅಂಗಾಂಶ ಎಲ್ಲ ನೀರು ಸಕ್ಕರೆ ಕ್ಯಾಲ್ಸಿಯಂ ಬೋರಾನ್ ತಾನೇ ಒದಗಿಸ್ತದೆ. ಬೇರಿನಿಂದ ನೀರಿನೊಟ್ಟಿಗೆ ಬಂದ ಕ್ಯಾಲ್ಸಿಯಂ ಅದು. ಮರಕ್ಕೆ ಕ್ಯಾಲ್ಸಿಯಂ ಏರುದು ನೀರಿನ ದಾರಿಯಲ್ಲಿ ಮಾತ್ರ, ಒಮ್ಮೆ ಒಂದು ಸೋಗೆಗೆ ಸೇರಿದ್ರೆ ಅಲ್ಲಿಂದ ವಾಪಸ್ ಹೂವಿಗೆ ಹೋಗುದು ಇಲ್ಲ ಅಂತಲೇ ಹೇಳ್ಬಹುದು. ಹಾಗಾಗಿ ಸೋಗೆಗೆ ಬಿದ್ದ ಸ್ಪ್ರೇ ಹಿಂಗಾರಕ್ಕೆ ಬರುದಿಲ್ಲ. ಹೂವಿಗೇ ನೇರ ಬಿದ್ರೆ ಅಂತ ಕೇಳ್ಬಹುದು, ಅಡಿಕೆ ಪರಾಗ ಗಾಳಿಯಲ್ಲಿ ಒಣಗಿ ಹಾರಿ ಬರುವಂಥದ್ದು, ಅರಳಿದ ಹೂವಿನ ಮೇಲೆ ಸ್ಪ್ರೇ ಹೊಡೆದ್ರೆ ಅಂಟಿದ ಪರಾಗವೂ ತೊಳೆದು ಹೋಗ್ತದೆ, ಬರೀ ನೀರಲ್ಲಿ ಒದ್ದೆ ಆದ್ರೆ ಒಡೀತದೆ, ಆ ತಂಗಿ ಸ್ಲೈಡಿನಲ್ಲಿ ಕಂಡ ಹಾಗೆ. ಬೋರ್ಡೋ ಹೊಡೆಯುವಾಗಲೂ ಇದೊಂದು ನೆನಪಿಡಿ, ಅದರಲ್ಲಿ ಸುಣ್ಣ ಇದ್ರೂ ಮೈಲುತುತ್ತಿನ ತಾಮ್ರ ಪರಾಗದ ಮೊಳಕೆಗೆ ಒಳ್ಳೆದಲ್ಲ, ಕೊಳೆರೋಗಕ್ಕೆ ಗೊನೆಗೆ ಹೊಡೀಲೇಬೇಕು ಅದು ಬೇರೆ ವಿಷಯ, ಅರಳಿದ ಹಿಂಗಾರವನ್ನು ಆದಷ್ಟು ತಪ್ಪಿಸುದು.

ಇನ್ನೊಂದು ಮುಖ್ಯ ಸಂಗತಿ. ಉದುರಿದ ನಳ್ಳಿಯನ್ನು ಕತ್ತಿಯಲ್ಲಿ ಸೀಳಿ ನೋಡಿದ್ದೀರಾ? ಒಳಗೆ ತಿರುಳಿನ ಜಾಗದಲ್ಲಿ ಚುಚ್ಚಿದ ಕಪ್ಪು ಗುರುತು ಇದ್ರೆ ತಿಗಣೆಯ ಕೆಲಸ. ಹಿಂಗಾರದಲ್ಲಿ ಬಲೆ ಕಟ್ಟಿ ಹಿಕ್ಕೆ ಬಿದ್ದಿದ್ರೆ ಹಿಂಗಾರ ತಿನ್ನುವ ಹುಳ. ಕಡ್ಡಿ ಕೊಡಿಯಿಂದ ಹಳದಿಯಾಗಿ ಕಂದಾಗಿ ಒಣಗಿಕೊಂಡು ಬಂದಿದ್ರೆ ಹಿಂಗಾರ ಒಣಗುವ ರೋಗ. ಇದ್ಯಾವುದೂ ಇಲ್ಲದೆ ಬರೀ ಏಪ್ರಿಲ್ ಸೆಕೆಗೆ ಉದುರಿದ್ರೆ ನೀರು ಸಾಕಾಗ್ಲಿಲ್ಲ ಅಂತ. ಇವಕ್ಕೆಲ್ಲ ಡಬ್ಬಿಯ ಕ್ಯಾಲ್ಸಿಯಂ ಮದ್ದಲ್ಲ. ನಿಮ್ಮ ನಳ್ಳಿ ಪರಾಗ ಕಚ್ಚದೆ ಉದುರಿದ್ದು ಅಂತ ಆ ಸೇಲ್ಸಿನವ ಹೇಗೆ ತೀರ್ಮಾನ ಮಾಡಿದ ಅಂತ ನನಗೆ ಬೇಜಾರು, ಮರ ನೋಡದೆ ಮದ್ದು ಕೊಟ್ಟದ್ದು ಅದು.

ಕ್ಯಾಲ್ಸಿಯಂ ಕೊಡುದಿದ್ರೆ ಬುಡಕ್ಕೆ ಕೊಡಿ. ನಮ್ಮ ಮುರಮಣ್ಣು ಹುಳಿ, ಮಳೆಗಾಲ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಪಿಎಚ್ ನೋಡಿ ಸುಣ್ಣ ಹಾಕುದು. ನಮ್ಮಲ್ಲಿ ಮಳೆಗಾಲದ ಮೊದಲು ಮರಕ್ಕೆ ಅರ್ಧ ಕೆಜಿ ಚಿಪ್ಪಿ ಸುಣ್ಣ ಹಾಕಿ ಮಣ್ಣಿಗೆ ಸೇರಿಸ್ತೇವೆ, ಪ್ರತೀ ವರ್ಷ ಅಲ್ಲ. ಯೂರಿಯಾ ಹಾಕುವ ವಾರವೇ ಸುಣ್ಣ ಹಾಕ್ಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿ ಹೋಗ್ತದೆ.

ಪೆರ್ಲದ_ತೋಟ
ಸೋಮವಾರ, ಸಂಜೆ 6.30

ಸೀಳಿ ನೋಡಿದವನೇ ಅಲ್ಲ ಮಾರಾಯ. ಈ ಸಲ ನೋಡ್ತೇನೆ. ಮಣ್ಣು ಪರೀಕ್ಷೆಗೆ ಕೊಡುದು ಕೂಡ ಮೂರು ವರ್ಷದಿಂದ ಹೇಳ್ತಾ ಇರುದು, ಈ ವಾರ ಕೃಷಿಭವನಕ್ಕೆ ಮುಟ್ಟಿಸ್ತೇನೆ.

ನಿತ್ಯಪುಷ್ಪ_ಬಾಯಾರು
ಸೋಮವಾರ, ರಾತ್ರಿ 8.45

ಮಾಷ್ಟ್ರೇ, ತುಂಬಾ ಉಪಕಾರ. ನಿಮ್ಮದು ಓದಿದ ಕೂಡಲೇ ಕ್ಯಾಲ್ಸಿಯಂ ಎಲ್ಲಿ ಸಿಗ್ತದೆ ಅಂತ ಆಲೋಚನೆ ಮಾಡಿ, ಅಜ್ಜಿಯ ಎಲೆ ಅಡಿಕೆ ತಟ್ಟೆಯಿಂದ ಕಡಲೆ ಕಾಳಿನಷ್ಟು ಸುಣ್ಣ ತೆಗೆದು ಒಂದು ಲೋಟ ಸುರಂಗದ ನೀರಲ್ಲಿ ಕದಡಿ, ತಿಳಿ ನಿಂತ ಮೇಲೆ ಆ ನೀರಲ್ಲಿ ಸಕ್ಕರೆ ಬೋರಿಕ್ ಹಾಕಿ ಮಾಡಿದೆ. ಒಂದೂ ಮೊಳಕೆ ಬರ್ಲಿಲ್ಲ, ರಾಶಿಯ ನಡುವಿನದ್ದೂ ಬರ್ಲಿಲ್ಲ. ಮೊದಲಿಗಿಂತ ಹಾಳಾಯ್ತು. ಎಂತ ತಪ್ಪು ಮಾಡಿದೆ?

ಮಾಷ್ಟ್ರು_ಮುಳ್ಳೇರಿಯ
ಸೋಮವಾರ, ರಾತ್ರಿ 9.30

ಸುಣ್ಣದ ತಿಳಿ ಬಹಳ ಕ್ಷಾರ ಮಗಳೇ, ಪಿಎಚ್ 12ರ ಮೇಲೆ ಇರ್ತದೆ. ಪರಾಗಕ್ಕೆ 6, 7ರ ಆಸುಪಾಸು ಬೇಕು. ಮೇಲಿಂದ ತಿಳಿ ನೀರು ಪೂರ್ತಿ ಸುಣ್ಣ ಹೀರಿಕೊಂಡಿದ್ರೆ ಅದರಲ್ಲಿ ಕ್ಯಾಲ್ಸಿಯಂ 20 ಮಿಲಿಮೋಲಾರ್ ಹತ್ರ, 10ರ ಮೇಲೆ ಆಗುದಿಲ್ಲ ಅಂತ ಹೇಳಿದ್ದೆನಲ್ಲ. ಎರಡು ಕಡೆಯಿಂದಲೂ ಪೆಟ್ಟು ಬಿತ್ತು. ಆ ಫಲಿತಾಂಶವನ್ನೂ ಪುಸ್ತಕದಲ್ಲಿ ಬರೆ, ಬಿಡ್ಬೇಡ.

ಟೀಚರ್ ಹತ್ರ ಕೇಳಿದ್ರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರ್ತದೆ, ತೇವ ಹೀರಿಸ್ಲಿಕ್ಕೆ ಇಡ್ತಾರೆ. ಒಂದೂವರೆ ಗ್ರಾಂ 100 ಎಂಎಲ್ ನೀರಲ್ಲಿ ಕರಗಿಸಿ ಬಾಟ್ಲಿಯಲ್ಲಿ ಇಟ್ಟುಕೋ, ಅದರಿಂದ 1 ಎಂಎಲ್ ಮಾತ್ರ ಸಿರಿಂಜಿನಲ್ಲಿ ಎಳೆದು ನಿನ್ನ 100 ಎಂಎಲ್ ಸಕ್ಕರೆ ನೀರಿಗೆ ಹಾಕು. ಬ್ರೂಬೇಕರ್ ಅಳತೆಯ ಹತ್ರ ಬರ್ತದೆ.

ಆದ್ರೆ ಇಷ್ಟರಿಂದ ಬೋರಿನ ನೀರಲ್ಲಿ ಕೆಲಸ ಮಾಡಿದ್ದು ಕ್ಯಾಲ್ಸಿಯಮ್ಮೇ ಅಂತ ಆಗುದಿಲ್ಲ, ಅಣ್ಣ ಹೇಳಿದ ಉಪ್ಪೂ ಇರ್ಬಹುದು. ಅದಕ್ಕೆ ತಿರುಗಿಸಿಯೂ ನೋಡ್ಬೇಕು. ಉಪ್ಪಳದ ನೀರನ್ನು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸು, ಪರೆ ಅಡಿಗೆ ಕೂತ ಮೇಲೆ ಮೇಲಿನ ನೀರನ್ನು ಫಿಲ್ಟರ್ ಪೇಪರಿನಲ್ಲಿ ಸೋಸು, ಆವಿಯಾಗಿ ಹೋದಷ್ಟು ಡಿಸ್ಟಿಲ್ಡ್ ನೀರು ಸೇರಿಸಿ ಮೊದಲಿನ ಅಳತೆಗೆ ತಾ. ಕುದಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಹೋಗ್ತದೆ, ಉಪ್ಪು ನೀರಲ್ಲೇ ಉಳೀತದೆ. ಆ ನೀರಲ್ಲಿ ಮೊಳಕೆ ಕಡಿಮೆ ಆಗಿ, ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದಾಗ ವಾಪಸ್ ಬಂದ್ರೆ ಮತ್ತೆ ಯಾರೂ ಪ್ರಶ್ನೆ ಮಾಡ್ಲಿಕ್ಕಿಲ್ಲ. ಬರೀ ಡಿಸ್ಟಿಲ್ಡ್ ನೀರಿನದ್ದೂ ಒಂದು ಹನಿ ಇರ್ಲಿ. ಪರಾಗ ಎಲ್ಲ ಹನಿಗೂ ತೆಳ್ಳಗೆ ಉದುರಿಸು, ರಾಶಿ ಬಿದ್ದ ಕಡೆ ಎಣಿಸ್ಬೇಡ. ಒಣಗದ ಹಾಗೆ ಸ್ಲೈಡನ್ನು ಒದ್ದೆ ಹತ್ತಿ ಇಟ್ಟ ಡಬ್ಬಿಯಲ್ಲಿ ಮುಚ್ಚಿ ಇಡು.

ಭತ್ತದ ಹೂವಿನಲ್ಲಿ ಮಾತ್ರ ಮಾಡ್ಲಿಕ್ಕೆ ಹೋಗ್ಬೇಡ, ಅದರ ಪರಾಗ ಕೆಲವೇ ನಿಮಿಷದಲ್ಲಿ ಸಾಯ್ತದೆ, ನೀನು ಗದ್ದೆಯಿಂದ ಮನೆಗೆ ಬರುವಷ್ಟರಲ್ಲಿ ಮುಗೀತದೆ. ಎರಡನೇ ಹೂ ಬೇಕಿದ್ರೆ ಕರ್ಣಕುಂಡಲ ಒಳ್ಳೆದು, ಬೇಗ ಮೊಳಕೆ ಬರ್ತದೆ.

ನಿತ್ಯಪುಷ್ಪ_ಬಾಯಾರು
ಗುರುವಾರ, ಮಧ್ಯಾಹ್ನ 12.20

ಮಾಡಿದೆ ಮಾಷ್ಟ್ರೇ! ಟೀಚರ್ ಬುಧವಾರ ಲ್ಯಾಬ್ ತೆಗೆದು ಕ್ಯಾಲ್ಸಿಯಂ ಕ್ಲೋರೈಡ್ ತೂಗಿ ಕೊಟ್ರು. ಕುದಿಸಿದ ಪಾತ್ರೆಯ ಅಡಿಯಲ್ಲಿ ಬೆರಳು ಎಳೆದ್ರೆ ಬಿಳಿ ಹಿಟ್ಟು ಬಂತು, ಅದಕ್ಕೆ ಎರಡು ಹನಿ ವಿನೆಗರ್ ಬಿಟ್ಟೆ, ಸುಯ್ಯ್ ಅಂತ ನೊರೆ ಬಂತು.

ಡಿಸ್ಟಿಲ್ಡ್ ನೀರು, ಸುರಂಗದ ನೀರು ಎರಡರಲ್ಲೂ ಒಂಟಿ ಪರಾಗ ಹೆಚ್ಚಿನವು ಸುಮ್ಮನೆ ಕೂತಿವೆ. ಸುರಂಗದ ನೀರಿಗೆ ಕ್ಯಾಲ್ಸಿಯಂ ಹಾಕಿದ ಹನಿಯಲ್ಲಿ ಮುಕ್ಕಾಲು ಗಂಟೆಗೆ ಬೋರಿನ ನೀರಿನಷ್ಟೇ ನಳಿಕೆ. ಕುದಿಸಿ ಸೋಸಿದ ಬೋರಿನ ನೀರಲ್ಲಿ ಪೂರ್ತಿ ನಿಲ್ಲಲಿಲ್ಲ, ಆದ್ರೆ ಕಡಿಮೆ ಆದದ್ದು ಕಣ್ಣಿಗೇ ಕಾಣ್ತದೆ, ನಳಿಕೆಯೂ ಗಿಡ್ಡ. ಅದಕ್ಕೆ ಕ್ಯಾಲ್ಸಿಯಂ ಹಾಕಿದ್ರೆ ವಾಪಸ್ ಬಂತು. ನಾಳೆ ಎಲ್ಲವನ್ನೂ ಇನ್ನೊಮ್ಮೆ ಮಾಡಿ ಎಣಿಸಿ ಬರೀತೇನೆ, ಒಂದು ಸಲದ್ದು ಸಾಕಾಗ್ಲಿಕ್ಕಿಲ್ಲ.

ನೀವು ಹೇಳಿದ ಆ ಓಡುವ ಕಾಳುಗಳು ಕಂಡವು. ಮೊದಲು ಎಂತ ಕಾಣ್ಲಿಲ್ಲ, ಕೆಳಗಿನ ಬೆಳಕನ್ನು ತಗ್ಗಿಸ್ತಾ ತಗ್ಗಿಸ್ತಾ ಬಂದಾಗ ಒಮ್ಮೆಲೇ ಕಂಡಿತು, ಅಂಚಲ್ಲಿ ಸಾಲಾಗಿ ಮುಂದೆ ಹೋಗ್ತವೆ, ತುದಿಗೆ ಸ್ವಲ್ಪ ಬಾಕಿ ಇರುವಾಗ ತಿರುಗಿ ನಡುವಲ್ಲಿ ವಾಪಸ್. ತುದಿ ಮಾತ್ರ ಗಾಜಿನ ಹಾಗೆ ಖಾಲಿ. ಅಜ್ಜಿಗೂ ತೋರಿಸಿದೆ, ಕನ್ನಡಕ ತೆಗೆದು ಹಾಕಿ ತೆಗೆದು ಹಾಕಿ ಕಡೆಗೆ ಅವರಿಗೂ ಕಂಡಿತು, 'ಇದು ನಮ್ಮ ತುಳಸಿ ಕಟ್ಟೆ ಹತ್ರದ ಹೂವಾ' ಅಂತ ಎರಡು ಸಲ ಕೇಳಿದ್ರು. ಸೋಮವಾರ ಮೈಕ್ರೋಸ್ಕೋಪ್ ವಾಪಸ್ ಕೊಡ್ಬೇಕು, ಅದರ ಮೊದಲು ಕರ್ಣಕುಂಡಲದ್ದೂ ಮಾಡಿ ಇಲ್ಲೇ ಹಾಕ್ತೇನೆ.